ಶಿನೋನ್ ವೈನು ಕೆಟ್ಟಿತ್ತಾ, ಇಲ್ಲ ಅದು ಇರೋದೇ ಹಾಗಾ?

ಪ್ರಶ್ನೆ (ಮಲ್ಲೇಶ್ವರದ ಓದುಗರೊಬ್ಬರಿಂದ): ಸರ್ ನಮಸ್ತೆ. ನಮ್ಮ ಭಾವ ಪ್ಯಾರಿಸ್‌ನಿಂದ ಬರೋವಾಗ ಒಂದು ಬಾಟ್ಲಿ ರೆಡ್ ವೈನ್ ತಂದುಕೊಟ್ರು, ಲೇಬಲ್ ಮೇಲೆ ಶಿನೋನ್ 2021 ಅಂತಿತ್ತು, 16 ಯೂರೋ ಕೊಟ್ಟಿದ್ದಾರಂತೆ. ವೆಡ್ಡಿಂಗ್ ಆನಿವರ್ಸರಿಗೆ ತೆಗೆಯೋಣ ಅಂತ ಬೆಳಗ್ಗೆನೇ ಫ್ರಿಜ್ಜಲ್ಲಿಟ್ವಿ. ರಾತ್ರಿ ಕೇಕ್ ಕಟ್ ಮಾಡಿ, ತಿಂದು, ಆಮೇಲೆ ವೈನ್ ಹಾಕ್ಕೊಂಡ್ವಿ, ಊಟಕ್ಕೆ ದೊನ್ನೆ ಬಿರಿಯಾನಿ ತರಿಸಿದ್ವಿ. ಮೊದಲ ಗುಟುಕಿಗೇ ನಾಲ್ಕೂ ಜನ ಮುಖ ಮುಖ ನೋಡ್ಕೊಂಡ್ವಿ. ಹಸಿ ಕ್ಯಾಪ್ಸಿಕಂ ವಾಸನೆ, ಬಾಯಲ್ಲಿ ನೀರು ನೀರು, ಹುಳಿ, ಕೊನೆಗೆ ಒಗರು. ಇದಕ್ಕಿಂತ ನಮ್ಮ ನಂದಿ ಬೆಟ್ಟದ ಕಡೆ ಶಿರಾಜೇ ಎಷ್ಟೋ ವಾಸಿ ಅಂತ ನಮ್ಮನೆಯವರು ಅಂದ್ರು. ಕೊನೇಲಿ ಉಳಿದಿದ್ದ ಗ್ಲಾಸನ್ನ ಮಾತಾಡ್ತಾ ಕೂತು ಕುಡಿದಾಗ ಮಾತ್ರ ಸ್ವಲ್ಪ ಪರವಾಗಿಲ್ಲ ಅನ್ನಿಸ್ತು. ಗೂಗಲ್ ಮಾಡಿದ್ರೆ ಇದು ಕೂಲ್ ಕ್ಲೈಮೇಟ್ ವೈನು, ಎಲಿಗೆಂಟ್, ಅರ್ಥ ಮಾಡ್ಕೊಂಡು ಕುಡೀಬೇಕು ಅಂತೆಲ್ಲ ಇದೆ. ವೈನು ಕೆಟ್ಟು ಹೋಗಿತ್ತಾ, ಭಾವಂಗೆ ಟೋಪಿ ಹಾಕಿದ್ರಾ, ಇಲ್ಲಾ ನಮಗೇ ರುಚಿ ಗೊತ್ತಿಲ್ವಾ? ನಿನ್ನೆ ರಾತ್ರಿ ಕಥೆ ಇದು, ಅರ್ಧ ಬಾಟ್ಲಿ ಇನ್ನೂ ಫ್ರಿಜ್ಜಲ್ಲೇ ಇದೆ. ಚೆಲ್ಲಲಾ, ಅಡುಗೆಗೆ ಹಾಕಲಾ?

ಉತ್ತರ:

ಚೆಲ್ಲಬೇಡಿ, ಆ ಅರ್ಧ ಬಾಟ್ಲಿಯಿಂದ ಇನ್ನೂ ಕೆಲಸ ಇದೆ. ನೀವು ಬರೆದಿರೋದನ್ನ ನೋಡಿದ್ರೆ ವೈನು ಕೆಟ್ಟಿಲ್ಲ, ಭಾವಂಗೆ ಯಾರೂ ಟೋಪಿನೂ ಹಾಕಿಲ್ಲ. ಲೇಬಲ್ ಮೇಲಿರೋ 2021 ಅಂದ್ರೆ ದ್ರಾಕ್ಷಿ ಕೊಯ್ದ ವರ್ಷ, ಆ ವರ್ಷದ ಬೆಳೆನೇ ಬಡವಾಗಿತ್ತು, ಅದರ ಮೇಲೆ ನಿಮ್ಮ ಕೇಕು, ಫ್ರಿಜ್ಜು, ಬಿರಿಯಾನಿ ಮೂರೂ ಸೇರಿ ಅದನ್ನ ಪೂರ್ತಿ ಮಲಗಿಸಿಬಿಟ್ವು. ಇನ್ನು ನಮಗೇ ರುಚಿ ಗೊತ್ತಿಲ್ವಾ ಅನ್ನೋ ಮಾತು ಓದಿ ಸ್ವಲ್ಪ ಸಿಟ್ಟೇ ಬಂತು, ನಿಮ್ಮ ಮೇಲಲ್ಲ, ನಿಮಗೆ ಹಾಗೆ ಅನ್ನಿಸೋ ಥರ ಬರೆಯೋರ ಮೇಲೆ. ಕ್ಯಾಪ್ಸಿಕಂ, ನೀರು ನೀರು, ಹುಳಿ, ಒಗರು ಅಂತ ನಾಲ್ಕು ಮಾತಲ್ಲಿ ಆ ವೈನಿನ ಜಾತಕನೇ ಬರೆದಿದ್ದೀರಿ, ಟೇಸ್ಟಿಂಗ್‌ಗೆ ಕೂತವರು ಪುಟಗಟ್ಟಲೆ ಬರೆದ್ರೂ ಇದಕ್ಕಿಂತ ಜಾಸ್ತಿ ಏನೂ ಹೇಳಲ್ಲ. ರುಚಿ ಗೊತ್ತಿದೆ. ಆ ರುಚಿ ಎಲ್ಲೆಲ್ಲಿಂದ ಬಂತು ಅನ್ನೋದನ್ನ ಬಿಡಿಸಿ ನೋಡಬೇಕು ಅಷ್ಟೇ.

ಮೊದಲು ಕೇಕಿನ ವಿಷಯ, ಯಾಕಂದ್ರೆ ಜನ ಇದನ್ನ ಲೆಕ್ಕಕ್ಕೇ ತಗೊಳಲ್ಲ. ಶಿನೋನ್ ಅನ್ನೋದು ಫ್ರಾನ್ಸಿನ ಒಂದು ಊರು, ಅಲ್ಲಿನ ರೆಡ್ ಅಂದ್ರೆ ಡ್ರೈ ವೈನು, ದ್ರಾಕ್ಷಿಯ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಆಲ್ಕೋಹಾಲ್ ಆಗಿರುತ್ತೆ. ಐಸಿಂಗ್ ತಿಂದ ನಾಲಿಗೆ ಮೇಲೆ ಅದನ್ನ ಸುರಿದ್ರೆ ಹಣ್ಣಿನ ರುಚಿ ಮಾಯ ಆಗಿ ಬರೀ ಹುಳಿ ಮುಂದೆ ಬಂದು ನಿಲ್ಲುತ್ತೆ, ಎಷ್ಟು ಒಳ್ಳೆ ವೈನಾದ್ರೂ ಅಷ್ಟೇ. ಸಿಹಿ ಜೊತೆ ವೈನ್ ಕೊಡೋದಾದ್ರೆ ಆ ಸಿಹಿಗಿಂತ ಸಿಹಿಯಾದ ವೈನೇ ಕೊಡಬೇಕು ಅನ್ನೋ ಹಳೇ ರೂಲ್ ಸುಮ್ನೆ ಬಂದಿದ್ದಲ್ಲ. ಬೆಂಗಳೂರಲ್ಲಿ ಬರ್ತ್‌ಡೇ, ಆನಿವರ್ಸರಿ ಅಂದ್ರೆ ಮೊದಲು ಕೇಕು, ಆಮೇಲೆ ಬಾಟ್ಲಿ ಅನ್ನೋದು ಪದ್ಧತಿನೇ ಆಗೋಗಿದೆ, ಅದನ್ನ ಉಲ್ಟಾ ಮಾಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಎರಡನೇದು ಫ್ರಿಜ್ಜು. ಬೆಳಗ್ಗೆಯಿಂದ ರಾತ್ರಿವರೆಗೂ ಇಟ್ಟಿದ್ದೀರಿ ಅಂದ್ರೆ ವೈನು 4–5 ಡಿಗ್ರಿಗೆ ಇಳಿದಿತ್ತು. ಅಷ್ಟು ತಣ್ಣಗಿರೋ ರೆಡ್ ವೈನಲ್ಲಿ ಪರಿಮಳ ಮೇಲಕ್ಕೇ ಏಳಲ್ಲ, ಟ್ಯಾನಿನ್, ಅಂದ್ರೆ ದ್ರಾಕ್ಷಿ ಸಿಪ್ಪೆ ಬೀಜದಿಂದ ಬರೋ ಒಗರಿನ ಅಂಶ, ಅದು ಮಾತ್ರ ಗಡಸಾಗಿ ಬಾಯಿ ಹಿಡಿಯುತ್ತೆ, ಹುಳಿನೂ ಚೂಪಾಗುತ್ತೆ. ಕೊನೇ ಗ್ಲಾಸು ಪರವಾಗಿಲ್ಲ ಅನ್ನಿಸ್ತು ಅಂದ್ರಲ್ಲ, ನಿಮ್ಮ ಇಡೀ ಪತ್ರದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಸಾಲು ಅದು. ಅಷ್ಟೊತ್ತಿಗೆ ಅದು ತಾನಾಗೇ ಬೆಚ್ಚಗಾಗಿತ್ತು, ಸ್ವಲ್ಪ ಗಾಳಿನೂ ಆಡಿತ್ತು, ಕೇಕಿನ ಸಿಹಿನೂ ಬಾಯಿಂದ ಹೋಗಿತ್ತು. ಹಂಗಂತ ರೆಡ್ ವೈನ್ ರೂಮ್ ಟೆಂಪರೇಚರಲ್ಲಿ ಕೊಡಬೇಕು ಅನ್ನೋ ಮಾತನ್ನ ನಂಬಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಬಿಡಬೇಡಿ. ಆ ಮಾತು ಹುಟ್ಟಿದ್ದು ಹೀಟರ್ ಇಲ್ಲದ ಕಾಲದ ಯುರೋಪಿನ ಮನೆಗಳಲ್ಲಿ, ಅಲ್ಲಿ ರೂಮು ಅಂದ್ರೆ 16–18 ಡಿಗ್ರಿ. ನಮ್ಮೂರಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು, ಮಾಮೂಲಿ ಬೇಸಿಗೆಲೂ ಮನೆ ಒಳಗೆ 28–30 ಇದ್ದೇ ಇರುತ್ತೆ, ಆ ಸೆಖೆಯಲ್ಲಿ ವೈನಿನ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತೆ, ಹಣ್ಣಿನ ತಾಜಾತನ ಕೈ ಬಿಟ್ಟು ಹೋಗುತ್ತೆ. ಶಿನೋನ್ ಥರದ ಹಗುರ ರೆಡ್‌ಗೆ 14–16 ಡಿಗ್ರಿ ಸರಿ. ಹೊರಗಿದ್ದ ಬಾಟ್ಲಿನ ಒಂದೂ ಮುಕ್ಕಾಲು ಗಂಟೆ ಫ್ರಿಜ್ಜಲ್ಲಿಡಿ, ಇಲ್ಲಾ ದಿನವಿಡೀ ಫ್ರಿಜ್ಜಲ್ಲಿದ್ದಿದ್ದನ್ನ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದಿಡಿ, ಥರ್ಮಾಮೀಟರ್ ಗಿರ್ಮಾಮೀಟರ್ ಏನೂ ಬೇಡ, ಗ್ಲಾಸ್ ಹಿಡಿದ್ರೆ ತಂಪು ಅನ್ನಿಸಬೇಕು, ಕೈ ಕೊರೆಯಬಾರದು.

ಬಿರಿಯಾನಿಗೆ ಬಂದ್ರೆ, ಅದರದ್ದು ಸ್ವಲ್ಪ ತಮಾಷೆ ಕೇಸು. ದೊನ್ನೆ ಬಿರಿಯಾನಿ ಮಸಾಲೆ ಅಂದ್ರೆ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ. ಕೊತ್ತಂಬರಿ ಪುದೀನದ ಹಸಿರು ವಾಸನೆಗೂ ಈ ವೈನಿನ ಹಸಿರು ವಾಸನೆಗೂ ನಿಜಕ್ಕೂ ಚೆನ್ನಾಗಿ ಹೊಂದುತ್ತೆ, ಕೆಡಿಸೋದು ಮೆಣಸಿನಕಾಯಿ. ಖಾರದಿಂದ ಉರಿಯೋ ಬಾಯಿಗೆ ಆಲ್ಕೋಹಾಲ್ ಇನ್ನಷ್ಟು ಉರಿ, ಟ್ಯಾನಿನ್ ಇನ್ನಷ್ಟು ಒಗರು. ಮಟನ್ನಿನ ಕೊಬ್ಬು, ಉಪ್ಪು ಟ್ಯಾನಿನ್ನನ್ನ ಮೆದು ಮಾಡೋಕೆ ನೋಡ್ತಾವೆ, ಆದ್ರೆ ಖಾರ ಜೋರಾಗಿದ್ರೆ ಅವುಗಳ ಆಟ ನಡೆಯಲ್ಲ.

ಸರಿ, ಈಗ ಬಾಟ್ಲಿ ಕೆಟ್ಟಿಲ್ಲ ಅಂತ ಯಾವ ಧೈರ್ಯದ ಮೇಲೆ ಹೇಳ್ತಿದ್ದೀನಿ ಅಂದ್ರೆ, ಕೆಟ್ಟ ವೈನುಗಳು ಕೆಡೋ ದಾರಿಗಳು ನಾಲ್ಕೈದೇ. ಅದರಲ್ಲಿ ಹೆಸರು ಮಾಡಿರೋದು ಕಾರ್ಕ್ ಟೇಂಟ್. ಬಿರಡೆಯಲ್ಲಿ ಹುಟ್ಟೋ ಟಿಸಿಎ ಅನ್ನೋ ಒಂದು ಕ್ಲೋರಿನ್ ಇರೋ ವಸ್ತುವಿನಿಂದ ಬರೋದು ಇದು, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ರೂ ಸಾಕು, ನೆನೆದ ರಟ್ಟಿನ ಡಬ್ಬದ ವಾಸನೆ. ಕುಡಿದ್ರೆ ಆರೋಗ್ಯಕ್ಕೇನೂ ಆಗಲ್ಲ, ಆದ್ರೆ ಹಣ್ಣಿನ ಪರಿಮಳವನ್ನೆಲ್ಲ ನುಂಗಿಹಾಕುತ್ತೆ. ಇದರಲ್ಲಿ ಮೋಸ ಹೋಗೋದು ಎಲ್ಲಿ ಅಂದ್ರೆ, ಟಿಸಿಎ ತೀರಾ ಕಮ್ಮಿ ಇದ್ದಾಗ ರಟ್ಟಿನ ವಾಸನೆ ಗೊತ್ತೇ ಆಗಲ್ಲ, ವೈನು ಸುಮ್ನೆ ಸಪ್ಪೆ ಅನ್ನಿಸುತ್ತೆ, ಜನ ವೈನರಿಯನ್ನ ಬೈಕೊಂಡು ಸುಮ್ಮನಾಗ್ತಾರೆ. ನಿಮ್ಮದು ಅದಲ್ಲ ಅಂತ ಅನ್ನಿಸೋಕೆ ಕಾರಣ ನಿಮಗೆ ಕ್ಯಾಪ್ಸಿಕಂ ಅಷ್ಟು ಸ್ಪಷ್ಟವಾಗಿ ಸಿಕ್ಕಿರೋದು, ಮತ್ತೆ ಕೊನೇ ಗ್ಲಾಸು ಸುಧಾರಿಸಿದ್ದು. ಟಿಸಿಎ ಇರೋ ವೈನು ಗಾಳಿಗೆ ಬಿಟ್ಟಷ್ಟೂ ಹದಗೆಡುತ್ತೇ ಹೊರತು ಚೇತರಿಸ್ಕೊಳಲ್ಲ.

ನೇಲ್ ಪಾಲಿಷ್ ರಿಮೂವರ್ ಅಥವಾ ವಿನೆಗರ್ ವಾಸನೆ ಬಂದಿದ್ರೆ ಬ್ಯಾಕ್ಟೀರಿಯಾ ಕೆಲಸ ಅಂತಿದ್ದೆ. ಬ್ಯಾಂಡ್‌ಏಡ್ ಪಟ್ಟಿ, ಕುದುರೆ ಲಾಯ ಅಂದಿದ್ರೆ ಬ್ರೆಟ್ ಅನ್ನೋ ಯೀಸ್ಟು, ಅದು ಶಿನೋನ್ ಕಡೆ ಅಪರೂಪ ಏನಲ್ಲ. ಕೊಳೆತ ಮೊಟ್ಟೆ, ಬೆಂಕಿಕಡ್ಡಿ ಅಂದಿದ್ರೆ ಗಂಧಕದ ಪೈಕಿ, ಅದಕ್ಕೆ ಗ್ಲಾಸ್ ನಾಲ್ಕು ಸುತ್ತು ತಿರುಗಿಸಿದ್ರೆ ಎಷ್ಟೋ ಸಲ ಹೋಗುತ್ತೆ. ಬಿಸಿಲಿಗೆ ಬೆಂದ ಬಾಟ್ಲಿಯಾದ್ರೆ ಬಿರಡೆ ಸ್ವಲ್ಪ ಮೇಲೆದ್ದಿರುತ್ತೆ, ಕತ್ತಿನ ಹತ್ರ ಅಂಟಂಟು ಇರುತ್ತೆ, ರುಚಿ ಜಾಮ್ ಕುದಿಸಿದ ಹಂಗೆ ದಪ್ಪಗೆ ಮಂಕಾಗಿರುತ್ತೆ. ನಿಮ್ಮದು ತದ್ವಿರುದ್ಧ, ಚೂಪು ಮತ್ತೆ ತೆಳು. ವಿಮಾನದಲ್ಲಿ ಬಂದಿದ್ರಿಂದ ಏನಾದ್ರೂ ಆಯ್ತಾ ಅಂತ ಕೇಳೋರಿರ್ತಾರೆ, ಬಂದ ದಿನವೇ ತೆಗೆದಿಲ್ಲ ತಾನೆ, ಬಿಡಿ ಅದನ್ನ.

ಇನ್ನು ಕ್ಯಾಪ್ಸಿಕಂ. ಇದು ನಿಮ್ಮ ಮೂಗಿನ ಭ್ರಮೆ ಅಲ್ಲ, ತರಕಾರಿ ಕ್ಯಾಪ್ಸಿಕಮ್ಮಿಗೆ ಆ ವಾಸನೆ ಕೊಡೋದು ಯಾವ ವಸ್ತುವೋ ನಿಮ್ಮ ಗ್ಲಾಸಲ್ಲಿದ್ದಿದ್ದೂ ಅದೇ ವಸ್ತು. ಮೀಥಾಕ್ಸಿಪೈರಜೀನ್ ಅಂತ ಒಂದು ಗುಂಪು, ಬಾಯಿ ತಿರುಗದಿದ್ರೆ ಪೈರಜೀನ್ ಅನ್ನಿ ಸಾಕು. ರೆಡ್ ವೈನಲ್ಲಿ ಲೀಟರಿಗೆ 10–15 ನ್ಯಾನೋಗ್ರಾಂ ಇದ್ರೆ ಮನುಷ್ಯನ ಮೂಗು ಹಿಡಿದುಬಿಡುತ್ತೆ. ಶಿನೋನ್ ರೆಡ್ ಮಾಡೋದು ಮುಖ್ಯವಾಗಿ ಕ್ಯಾಬರ್ನೆ ಫ್ರಾಂಕ್ ಅನ್ನೋ ದ್ರಾಕ್ಷಿಯಿಂದ, ಆ ಮನೆತನಕ್ಕೇ ಪೈರಜೀನ್ ಹುಟ್ಟುಗುಣ. ಎಲ್ಲರಿಗೂ ಗೊತ್ತಿರೋ ಕ್ಯಾಬರ್ನೆ ಸೊವಿನ್ಯೋನ್ ಇದೆಯಲ್ಲ, ಅದು ಈ ಫ್ರಾಂಕ್‌ಗೂ ಸೊವಿನ್ಯೋನ್ ಬ್ಲಾಂಕ್‌ಗೂ ಹುಟ್ಟಿದ ಮಗು ಅಂತ 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟಿಯೋರು ಡಿಎನ್‌ಎ ನೋಡಿ ತೋರಿಸಿದ್ರು, ಅಪ್ಪ ಅಮ್ಮ ಇಬ್ಬರಲ್ಲೂ ಈ ಹಸಿರು ವಾಸನೆ, ಮಗುವಿಗೂ ಬಂದಿದೆ. ದ್ರಾಕ್ಷಿ ಇನ್ನೂ ಕಾಯಿಯಾಗಿದ್ದಾಗ ಪೈರಜೀನ್ ಏರುತ್ತೆ, ಬಣ್ಣ ತಿರುಗಿ ಹಣ್ಣಾಗ್ತಾ ಬಿಸಿಲು ಬಿದ್ದಂಗೆ ಇಳೀತಾ ಹೋಗುತ್ತೆ. ಅದಕ್ಕೇ ಗೊಂಚಲ ಸುತ್ತ ಇರೋ ಎಲೆ ಕಿತ್ತು ಬಿಸಿಲು ಬಿಡೋದು ಅಲ್ಲಿನ ತೋಟಗಳಲ್ಲಿ ದೊಡ್ಡ ಕೆಲಸ. ಬಿಸಿಲು ಸಾಲದಿದ್ರೆ ಅದು ಉಳ್ಕೊಳುತ್ತೆ, ನೇರ ಬಾಟ್ಲಿಗೆ ಬರುತ್ತೆ.

2021ರಲ್ಲಿ ಆಗಿದ್ದು ಅದೇ. ಆ ವರ್ಷ ಮಾರ್ಚ್ ಕೊನೇಲಿ ಫ್ರಾನ್ಸಲ್ಲಿ ಅಕಾಲದ ಸೆಖೆ ಬಂದು ಬಳ್ಳಿಗಳು ಬೇಗ ಚಿಗುರಿದ್ವು, ಏಪ್ರಿಲ್ ಮೊದಲ ವಾರ ದಾಟ್ತಿದ್ದಂಗೆ ರಾತ್ರಿ ಹಿಮ ಬಿದ್ದು ಆ ಚಿಗುರೆಲ್ಲ ಕರಕಲು. ತೋಟದ ಸಾಲುಗಳ ಮಧ್ಯೆ ರಾತ್ರಿಯಿಡೀ ಮೇಣದ ಡಬ್ಬ ಉರಿಸಿಟ್ಟಿರೋ ಫೋಟೋಗಳು ನೀವೂ ನೋಡಿರಬಹುದು, ನೋಡೋಕೆ ದೀಪಾವಳಿ, ಬೆಳೆದವರಿಗೆ ಕಣ್ಣೀರು. ಉಳಿದ ಬೆಳೆಗೆ ಬೇಸಿಗೆಯಲ್ಲಿ ತಂಪು, ಮಳೆ, ಬೂಷ್ಟು ರೋಗ. ಇಡೀ ಫ್ರಾನ್ಸಿನ ವೈನ್ ಉತ್ಪಾದನೆ ಎಷ್ಟೋ ದಶಕಗಳಲ್ಲಿ ಕಾಣದಷ್ಟು ಇಳೀತು. ಲ್ವಾರ್ ನದಿಯ ಕಣಿವೆಯಲ್ಲಂತೂ, ಶಿನೋನ್ ಇರೋದು ಅದರ ಉಪನದಿ ವಿಯೆನ್ ದಡದಲ್ಲಿ, ಕ್ಯಾಬರ್ನೆ ಫ್ರಾಂಕ್ ಪೂರ್ತಿ ಹಣ್ಣಾಗೋಕೆ ಒಳ್ಳೆ ವರ್ಷದಲ್ಲೇ ಅಕ್ಟೋಬರ್ ತನಕ ಎಳೆಯುತ್ತೆ, ಇಂಥ ವರ್ಷದಲ್ಲಿ ಕಾಯೋಣ ಅಂದ್ರೆ ಮಳೆ, ಕೊಯ್ಯೋಣ ಅಂದ್ರೆ ಕಾಯಿ. ಸಕ್ಕರೆ ಸಾಲದೇ ಹೋದ್ರೆ ಹುದುಗಿಸೋ ಮುಂಚೆ ರಸಕ್ಕೆ ಸಕ್ಕರೆ ಹಾಕೋಕೆ ಅಲ್ಲಿ ಕಾನೂನು ಬಿಡುತ್ತೆ, ನೆಪೋಲಿಯನ್ ಕಾಲದ ಮಂತ್ರಿ ಶಾಪ್ತಾಲ್ ಹೆಸರಲ್ಲಿ ಕರೀತಾರೆ ಆ ಪದ್ಧತಿನ, ಲೀಟರಿಗೆ ಸುಮಾರು 17 ಗ್ರಾಂ ಹಾಕಿದ್ರೆ ಆಲ್ಕೋಹಾಲ್ ನೂರಕ್ಕೆ 1ರಷ್ಟು ಏರುತ್ತೆ. ಆದ್ರೆ ಸಕ್ಕರೆ ಏರಿಸೋದು ಆಲ್ಕೋಹಾಲನ್ನ ಮಾತ್ರ, ಕಾಯಿಯನ್ನ ಹಣ್ಣು ಮಾಡೋದಿಲ್ಲ. ಸಿಪ್ಪೆ, ಬೀಜದ ಟ್ಯಾನಿನ್ ಹಸಿಯಾಗೇ ಉಳಿಯುತ್ತೆ.

ನಿಮ್ಮನೆಯವರು ಅಂದಿದ್ದು, ನಂದಿ ಬೆಟ್ಟದ ಶಿರಾಜೇ ವಾಸಿ ಅಂತ, ಅದು ತಮಾಷೆ ಮಾತಲ್ಲ, ಅದರಲ್ಲಿ ಒಳ್ಳೆ ಪಾಠ ಇದೆ. ಇಲ್ಲಿ ತುಂಬಾ ಜನ ಅಂದ್ಕೊಂಡಿರೋದು ಏನಂದ್ರೆ ಬೆಂಗಳೂರು ತಂಪು, ನಂದಿ ಇನ್ನೂ ತಂಪು, ಹಂಗಾಗಿ ನಮ್ಮದೂ ಕೂಲ್ ಕ್ಲೈಮೇಟ್ ವೈನೇ ಅಂತ. ಖಂಡಿತ ಅಲ್ಲ. ಕೂಲ್ ಕ್ಲೈಮೇಟ್ ಅಂತ ಕರೆಯೋ ಜಾಗಗಳಲ್ಲಿ ಬಳ್ಳಿ ಬೆಳೆಯೋ ಕಾಲದ, ಅಂದ್ರೆ ಅವರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸರಾಸರಿ ತಾಪಮಾನ 13ರಿಂದ 16 ಡಿಗ್ರಿ ಆಸುಪಾಸು, ನಾವು ಸ್ವೆಟರ್ ಹಾಕ್ಕೊಂಡು ಓಡಾಡೋ ಜನವರಿಯ ಸರಾಸರಿನೇ 20 ದಾಟುತ್ತೆ. ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಶಿನೋನ್ 47ರಲ್ಲಿ. ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆ ಅನ್ನೋದೇ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ, ಅಂದ್ರೆ ಬಳ್ಳಿ ಸವರಿ, ಒಂದೇ ಬೆಳೆ ತೆಗೀತಾರೆ, ಬೇಸಿಗೆಯಲ್ಲಿ ಒಂದು ಸಲ ಕತ್ತರಿಸಿ ಬಳ್ಳಿ ಕಟ್ಟೋದು, ಮಳೆ ಮುಗೀತಾ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಕತ್ತರಿಸಿ ಹಣ್ಣಿಗೆ ಬಿಡೋದು, ಕೊಯ್ಲು ಫೆಬ್ರವರಿ–ಮಾರ್ಚ್ ಸುಮಾರಿಗೆ. ಇದರಲ್ಲೇ ಎಲ್ಲ ಗುಟ್ಟಿದೆ ನೋಡಿ. ಶಿನೋನ್ ದ್ರಾಕ್ಷಿ ಹಣ್ಣಾಗೋದು ಸೆಖೆ ಇಳೀತಾ ಇರೋವಾಗ, ನಂದಿಯ ದ್ರಾಕ್ಷಿ ಹಣ್ಣಾಗೋದು ಸೆಖೆ ಏರ್ತಾ ಇರೋವಾಗ. ಅಲ್ಲಿ ಹುಳಿ ಉಳಿಯುತ್ತೆ, ಸಕ್ಕರೆ ಹಿಂದೆ ಬೀಳುತ್ತೆ. ಇಲ್ಲಿ ಸಕ್ಕರೆ ಓಡುತ್ತೆ, ಹುಳಿ ಕುಸಿಯುತ್ತೆ, ಅದಕ್ಕೆ ನಮ್ಮ ಕಡೆ ವೈನರಿಗಳಲ್ಲಿ ಟಾರ್ಟಾರಿಕ್ ಆಮ್ಲ ಸೇರಿಸಿ ಹದ ಮಾಡೋದು ಮಾಮೂಲು. 1988ರಲ್ಲಿ ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಹತ್ರ ಫ್ರೆಂಚ್ ತಳಿಗಳನ್ನ ನೆಡಿಸಿ ಶುರು ಮಾಡಿದಾಗಿಂದ ಇಲ್ಲಿನ ಜಾಣತನ ಎಲ್ಲ ಹೋಗಿದ್ದು ಬಿಸಿಲನ್ನ ಸಂಭಾಳಿಸೋದಕ್ಕೆ. ಅಲ್ಲಿಯವರದ್ದು ಬಿಸಿಲನ್ನ ಬೇಡೋ ಕೆಲಸ. ಹಂಗಾಗಿ ಶಿರಾಜ್ ಕುಡಿದು ಅಭ್ಯಾಸ ಆದ ಬಾಯಿಗೆ, ದಪ್ಪಗೆ, ಮೆತ್ತಗೆ, ಆಲ್ಕೋಹಾಲ್ ನೂರಕ್ಕೆ 13.5 ಇರೋ ವೈನ್ ಕುಡಿದವರಿಗೆ, 12ರ ಶಿನೋನ್ ತೆಳು ಅನ್ನಿಸೋದು ಸಹಜ. ಅದರ ಮೇಲೆ ನಮ್ಮೂರಲ್ಲಿ ಬಹಳ ಮಂದಿಗೆ ವೈನು ಅಂದ್ರೆ ಮೊದಲು ಪರಿಚಯ ಆಗಿರೋದೇ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟು, ಇಲ್ಲಾ ಕ್ರಿಸ್‌ಮಸ್‌ಗೆ ಪಕ್ಕದ ಮನೆಯಿಂದ ಬರ್ತಿದ್ದ ಮನೆ ವೈನು.

ಇಷ್ಟೆಲ್ಲ ಹೇಳಿದ ಮೇಲೆ ನಾನೂ ಎಲಿಗೆಂಟ್, ಅರ್ಥ ಮಾಡ್ಕೊಳಿ ಅನ್ನೋ ಪಾರ್ಟಿ ಸೇರಿಬಿಡ್ತೀನಿ ಅಂತ ನಿಮಗೆ ಅನುಮಾನ ಬಂದಿರಬಹುದು. ಇಲ್ಲ. ನನ್ನ ತಕರಾರು ಇರೋದೇ ಅಲ್ಲಿ. ತೆಳು ವೈನು ಬೇರೆ, ಹಣ್ಣಾಗದ ವೈನು ಬೇರೆ, ಮಾರೋವಾಗ ಮಾತ್ರ ಎರಡಕ್ಕೂ ಒಂದೇ ಲೇಬಲ್ ಅಂಟಿಸ್ತಾರೆ, ಕೂಲ್ ಕ್ಲೈಮೇಟ್ ಅಂತ. ಅದು ಹವಾಮಾನದ ಹೆಸರು, ಸರ್ಟಿಫಿಕೇಟ್ ಅಲ್ಲ. ತೆಳುವಾಗಿದ್ರೂ ಹಣ್ಣಾಗಿರೋ ಶಿನೋನ್ ಇರುತ್ತೆ, ರಾಸ್ಪ್‌ಬೆರಿ, ವಯಲೆಟ್ ಹೂವು, ಪೆನ್ಸಿಲ್ ಸೀಸ, ಹಿಂದೆ ಎಲ್ಲೋ ಒಂಚೂರು ಹಸಿರು ಎಲೆ, ಹುಳಿ ಇರುತ್ತೆ ಆದ್ರೆ ಅದರ ಜೊತೆ ಹಣ್ಣೂ ನಡೀತಾ ಇರುತ್ತೆ. ಹಣ್ಣಾಗದ ಶಿನೋನಲ್ಲಿ ಹಸಿರು ಮುಂದೆ, ಹುಳಿ ಒಂಟಿ, ನಡುವೆ ಖಾಲಿ.

ಒಗರಿನಲ್ಲೇ ಇದನ್ನ ಚೆನ್ನಾಗಿ ಹಿಡೀಬಹುದು, ಇದರಲ್ಲಿ ನಮ್ಮ ಬಾಯಿಗೆ ಫ್ರೆಂಚರಿಗಿಂತ ಒಳ್ಳೆ ತಾಲೀಮು ಇದೆ, ನಾವು ನೇರಳೆಹಣ್ಣು ತಿಂದು ಬೆಳೆದವರು. ಪೂರ್ತಿ ಕಪ್ಪಾದ ನೇರಳೆಲೂ ಒಗರಿರುತ್ತೆ, ಆದ್ರೆ ಸಿಹಿ ಹುಳಿ ಜೊತೆ ಸೇರಿ ನಾಲಿಗೆ ಮೇಲೆ ನಯವಾಗಿ ಹರಡುತ್ತೆ, ನಾಲಿಗೆ ನೇರಳೆ ಆದ್ರೂ ಇನ್ನೊಂದು ಹಣ್ಣಿಗೆ ಕೈ ಹೋಗುತ್ತೆ. ಅರ್ಧ ಕೆಂಪಗಿರೋ ನೇರಳೆ ಒಗರು ವಸಡು ಹಿಡಿದು ಗಂಟಲು ಗೀರುತ್ತೆ, ಅದರ ಜೊತೆ ಬೇರೆ ರುಚಿನೇ ಇರಲ್ಲ. ವೈನು ನುಂಗಿದ ಮೇಲೆ ನಿಮ್ಮ ಬಾಯಲ್ಲಿ ಇದರಲ್ಲಿ ಯಾವ ಒಗರು ಉಳೀತು ಅಂತ ನೋಡ್ಕೊಳಿ. ಆಮೇಲೆ ಒಂದೆರಡು ಉಸಿರು ಸುಮ್ನೆ ಕೂತು, ಹಣ್ಣಿನ ರುಚಿ ಇನ್ನೂ ಇದೆಯಾ ಇಲ್ಲಾ ಹುಳಿ ಒಂದೇ ಇದೆಯಾ ಅಂತ ಗಮನಿಸಿ. ಹಣ್ಣು ಮೊದಲೇ ಎದ್ದು ಹೋಗಿ ಹುಳಿ ಒಗರು ಹಿಂದೆ ಉಳಿದ್ರೆ, ಎಷ್ಟೇ ದೊಡ್ಡ ಹೆಸರಿದ್ರೂ ಆ ವೈನ್ ಬಡವೇ, ಹೇಳೋಕೆ ಸಂಕೋಚ ಬೇಡ. ದೊಡ್ಡ ಹೆಸರಿನ ಬಾಟ್ಲಿ ಇಟ್ಟು ಟೇಸ್ಟಿಂಗ್ ಮಾಡ್ಸಿದಾಗ ನಾನು ನೋಡಿರೋ ಒಂದು ಕಾಯಿಲೆ ಇದು, ಎಲ್ಲರ ಮುಖದಲ್ಲೂ ಇಷ್ಟ ಆಗಿಲ್ಲ ಅಂತ ಕಾಣ್ತಿರುತ್ತೆ, ಬಾಯಲ್ಲಿ ಮಾತ್ರ ವಾವ್, ಇಂಟರೆಸ್ಟಿಂಗ್. ಇಂಟರೆಸ್ಟಿಂಗ್ ಅನ್ನೋದು ಬೆಂಗಳೂರಲ್ಲಿ ವೈನಿಗೆ ಕೊಡೋ ಅತಿ ಮರ್ಯಾದಸ್ಥ ಬೈಗುಳ.

ಅರ್ಧ ಬಾಟ್ಲಿಗೆ ಈಗ ಬನ್ನಿ. ಬಿರಡೆ ಹಾಕಿ ಫ್ರಿಜ್ಜಲ್ಲಿಟ್ಟಿದ್ರೆ ಇಂಥ ಹುಳಿ ಜಾಸ್ತಿ ಇರೋ ವೈನು ಮೂರು ದಿನ ಏನೂ ಆಗಲ್ಲ. ಇವತ್ತು ಸಂಜೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೀರಿ, ಕಾಫಿ ಕುಡಿದಿದ್ರೆ ಒಂದು ಗಂಟೆ ಬಿಟ್ಟು ಕೂತ್ಕೊಳಿ, ಸಿಹಿ ಏನೂ ತಿನ್ನಬೇಡಿ. ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಹಾಕಿ, ಚೆನ್ನಾಗಿ ತಿರುಗಿಸಿ, ಮೂಸಿ, ಒಂದು ಗುಟುಕು. ಆಮೇಲೆ ಉಪ್ಪಿರೋದು, ಖಾರ ಇಲ್ಲದ್ದು ಏನಾದ್ರೂ, ಉಪ್ಪು ಕಡಲೆಬೀಜ ಆದ್ರೂ ಸರಿ, ನಾಲ್ಕು ಬಾಯಿಗೆ ಹಾಕ್ಕೊಂಡು ಇನ್ನೊಂದು ಗುಟುಕು. ಹುಳಿ ಒಗರು ಎರಡೂ ತಗ್ಗಿ ಕೆಂಪು ಹಣ್ಣಿನ ರುಚಿ ಬಂತು ಅಂದ್ರೆ ನಿನ್ನೆ ವೈನಿಗೆ ಅನ್ಯಾಯ ಆಗಿತ್ತು ಅಂತ ಲೆಕ್ಕ. ರಟ್ಟಿನ ವಾಸನೆ ಈಗ ಜೋರಾಗಿ ಎದ್ದಿದ್ರೆ ಅದು ಕಾರ್ಕ್ ಟೇಂಟೇ, ನನ್ನ ಅಂದಾಜನ್ನ ಪಕ್ಕಕ್ಕಿಡಿ. ಇವೆರಡೂ ಅಲ್ಲ, ಅದೇ ಕ್ಯಾಪ್ಸಿಕಂ, ಅದೇ ಖಾಲಿ ನಡು ಅಂದ್ರೆ ಅದು 2021ರ ಪಾಪ, ಅದಕ್ಕೆ ಔಷಧಿ ಇಲ್ಲ. ನಾನು ಪಂಥ ಕಟ್ಟೋದಾದ್ರೆ ಮೊದಲನೇದಕ್ಕೂ ಮೂರನೇದಕ್ಕೂ ಮಧ್ಯೆ ಎಲ್ಲೋ ಬರುತ್ತೆ ಅಂತೀನಿ, ಕುಡಿಯೋಕೆ ಬರುತ್ತೆ, ಎದ್ದು ಕುಣಿಯೋ ಹಂಗಿರಲ್ಲ. ಅಡುಗೆಗೆ ಮಾತ್ರ ಬೇಡ, ಕುದಿಸಿ ಬತ್ತಿಸಿದ್ರೆ ಹುಳಿ ಗಟ್ಟಿಯಾಗಿ ಮಟನ್ನೂ ಹಾಳು.

ಇದೇ ಥರದ ವೈನನ್ನ ಮತ್ತೆ ನೋಡೋ ಮನಸ್ಸಿದ್ರೆ ಊಟ ಬದಲಾಯಿಸಿ. ಕೊಡಗಿನ ಪಂದಿ ಕರಿ ಇದಕ್ಕೆ ಭಾರಿ ಹೊಂದುತ್ತೆ, ಹಸಿಮೆಣಸಿನ ಕೈ ಸ್ವಲ್ಪ ಹಿಡಿದು ಮಾಡಿದ್ರೆ, ಕಾಚಂಪುಳಿಯ ಹುಳಿ ಮುಂದೆ ವೈನಿನ ಹುಳಿ ಸೌಮ್ಯ ಆಗಿಬಿಡುತ್ತೆ, ಕೊಬ್ಬಿಗೆ ಒಗರು ಕಟ್ ಆಗುತ್ತೆ. ಮಾಂಸ ತಿನ್ನದವರಿಗೆ ಅವರೆಕಾಳು ಸೀಸನ್‌ನಲ್ಲಿ ಹಿತಕಿದ ಬೇಳೆ, ಸಬ್ಬಸಿಗೆ ಸೊಪ್ಪು ಹಾಕಿದ ಪಲ್ಯ, ಬೆಣ್ಣೆಯಲ್ಲಿ ಹುರಿದ ಅಣಬೆ, ಹಸಿರಿಗೆ ಹಸಿರು ಜೋಡಿ.

ಕೊಳ್ಳೋ ವಿಷಯಕ್ಕೆ, ನಮ್ಮೂರ ಅಂಗಡಿಯಲ್ಲಿ ಫ್ರೆಂಚ್ ಬಾಟ್ಲಿ ಅಂದ್ರೆ ಕಸ್ಟಮ್ಸ್ ಸುಂಕನೇ ವರ್ಷಗಟ್ಟಲೆ ನೂರಕ್ಕೆ 150 ಇತ್ತು, ಮೇಲೆ ರಾಜ್ಯದ ಅಬಕಾರಿ, ಇಂಪೋರ್ಟರ್ ಮಾರ್ಜಿನ್, 16 ಯೂರೋದ್ದು ಮೂರುಪಟ್ಟು ಬೆಲೆಗೆ ಕೂತಿದ್ರೂ ಆಶ್ಚರ್ಯ ಇಲ್ಲ, ಅಷ್ಟು ಕೊಟ್ಟು ಬಡ ವರ್ಷದ ವೈನ್ ತಗೊಂಡ್ರೆ ಹೊಟ್ಟೆ ಉರಿಯುತ್ತೆ. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ ಕೊನೇಲಿ ಜಾರಿಗೆ ಬಂದ ಮೇಲೆ ಅಲ್ಲಿನ ಸ್ವಲ್ಪ ದುಬಾರಿ ವೈನುಗಳ ಮೇಲಿನ ಸುಂಕ ಹಂತ ಹಂತವಾಗಿ ಇಳೀತಿದೆ, ಹಂಗಾಗಿ ಕೂಲ್ ಕ್ಲೈಮೇಟ್ ರುಚಿ ಇಲ್ಲೇ ನೋಡಬೇಕು ಅಂದ್ರೆ ಟಾಸ್ಮೇನಿಯಾ, ಯಾರಾ ವ್ಯಾಲಿ, ಮಾರ್ನಿಂಗ್ಟನ್ ಕಡೆಯ ಪಿನೋ ನ್ವಾರ್ ಅನ್ನೋ ದ್ರಾಕ್ಷಿಯ ರೆಡ್ ವೈನ್ ಕೇಳಿ. ಪಿನೋದಲ್ಲಿ ಪೈರಜೀನ್ ಕಾಟ ಇಲ್ಲವೇ ಇಲ್ಲ ಅನ್ನೋವಷ್ಟು ಕಮ್ಮಿ, ಮತ್ತೆ ಆ ಬಾಟ್ಲಿಗಳು ಹೆಚ್ಚಾಗಿ ಸ್ಕ್ರೂ ಕ್ಯಾಪ್, ಬಿರಡೆ ಇಲ್ಲ ಅಂದ್ರೆ ಬಿರಡೆಯ ರೋಗನೂ ಇಲ್ಲ. ಅಂಗಡಿಯಲ್ಲಿ ಕಿಟಕಿ ಬಿಸಿಲಿಗೆ ನಿಂತಿರೋ ಬಾಟ್ಲಿ ಮುಟ್ಟಬೇಡಿ, ರಾತ್ರಿ ಎಸಿ ಆಫ್ ಮಾಡ್ತೀರಾ ಅಂತ ಕೇಳೋಕೂ ನಾಚ್ಕೋಬೇಡಿ.

ಭಾವ ಮತ್ತೆ ಆ ಕಡೆ ಹೋದ್ರೆ ಶಿನೋನೇ ತರೋಕೆ ಹೇಳಿ, ಆದ್ರೆ 2018, 2020 ಇಲ್ಲಾ 2022ರದ್ದು, ಮೂರೂ ಬಿಸಿಲು ಚೆನ್ನಾಗಿ ಬಿದ್ದ ವರ್ಷಗಳು, ಅದೇ ದ್ರಾಕ್ಷಿ ಬೇರೆಯದೇ ಮುಖ ತೋರಿಸುತ್ತೆ. ಅಂಗಡಿಯವರನ್ನ ಸುಣ್ಣಕಲ್ಲಿನ ಇಳಿಜಾರಿನದ್ದಾ, ನದಿ ಪಕ್ಕದ ಮರಳು ಜಲ್ಲಿಯದ್ದಾ ಅಂತ ಒಂದು ಮಾತು ಕೇಳಲಿ, ಮರಳಿನದ್ದು ಹಗುರ, ಬೇಗ ಕುಡಿಯೋಕೆ, ಸುಣ್ಣಕಲ್ಲಿನದ್ದಕ್ಕೆ ಮೈ ಜಾಸ್ತಿ, ಶಿರಾಜ್ ಅಭ್ಯಾಸ ಇರೋ ನಿಮ್ಮ ಮನೆಗೆ ಅದೇ ಸರಿ. ಒಬ್ಬರಿಗೆ 2 ಲೀಟರ್‌ವರೆಗೂ ಸುಂಕ ಇಲ್ಲದೆ ತರಬಹುದು, ಅಂದ್ರೆ 750 ಎಂಎಲ್‌ನ ಎರಡು ಬಾಟ್ಲಿ ಆರಾಮಾಗಿ.